ಒಳಾಂಗಣ ವಿನ್ಯಾಸ: ಮೊದಲು ಟೇಪು ಹಿಡಿಯುವುದನ್ನು ಕಲಿಸಿ

ಮಾನ್ಯರೇ,

ಪಿಯುಸಿ ಫಲಿತಾಂಶ ಬಂದ ಬೆನ್ನಿಗೇ ಒಳಾಂಗಣ ವಿನ್ಯಾಸದ ಡಿಪ್ಲೊಮಾ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಬಹುತೇಕ ಎಲ್ಲದರಲ್ಲೂ ಒಂದೇ ಚಿತ್ರ: ಕಂಪ್ಯೂಟರ್ ಪರದೆಯಲ್ಲಿ ಮಿರಮಿರ ಮಿಂಚುವ ಹಾಲ್. ಕಸುಬಿನ ಕೌಶಲ ಕಲಿಸುವ ಸಮುದಾಯ ಕಾಲೇಜುಗಳಾದರೂ ಈ ಹುಚ್ಚಿಗೆ ಬೀಳಬಾರದು. ಯುಜಿಸಿ ಮಾರ್ಗಸೂಚಿಯಂತೆ ಇಲ್ಲಿನ ಒಂದು ವರ್ಷದ ಡಿಪ್ಲೊಮಾಕ್ಕೆ 60 ಕ್ರೆಡಿಟ್. ಅದರಲ್ಲಿ 36 ಕ್ರೆಡಿಟ್ ಕೌಶಲಕ್ಕೇ ಮೀಸಲು. ಅಷ್ಟನ್ನೂ ನಕ್ಷೆ ಬಿಡಿಸುವ ತಂತ್ರಾಂಶಗಳಾದ ಆಟೋಕ್ಯಾಡ್, ಸ್ಕೆಚ್‌ಅಪ್‌ಗಳೇ ನುಂಗಿಬಿಟ್ಟರೆ ಕಲಿತವರು ಬಡಗಿಯ ಮೊದಲ ಪ್ರಶ್ನೆಗೇ ತಬ್ಬಿಬ್ಬಾಗುತ್ತಾರೆ.

ಒಂದು ಡ್ರಾಯರನ್ನೇ ನೋಡಿ. ಅಡುಗೆಮನೆಯ ಕ್ಯಾಬಿನೆಟ್ ಹೊರ ಅಗಲ 600 ಮಿ.ಮೀ. ಎರಡು ಬದಿಯ 18 ಮಿ.ಮೀ. ಪ್ಲೈವುಡ್ ಕಳೆದರೆ ಒಳಗೆ 564. ಒಳಗೋಡೆಗಳಿಗೆ 0.8 ಮಿ.ಮೀ. ಮೈಕಾ ಹಾಳೆ ಅಂಟಿಸಿದರೆ ಸುಮಾರು 562ಕ್ಕೆ ಇಳಿಯಿತು. ಡ್ರಾಯರ್ ಜಾರುವ ಟೆಲಿಸ್ಕೋಪಿಕ್ ಚಾನಲ್‌ಗೆ ಒಂದೊಂದು ಬದಿಗೂ ಸುಮಾರು 13 ಮಿ.ಮೀ. ಜಾಗ ಬೇಕು. ಅಂದರೆ ಡ್ರಾಯರ್ ಪೆಟ್ಟಿಗೆಯ ಹೊರ ಅಗಲ 536. ಮೈಕಾ ಲೆಕ್ಕ ಮರೆತು 538 ಬರೆದರೆ ಡ್ರಾಯರ್ ಬಿಗಿಯಾಗಿ ಹಿಡಿಯುತ್ತದೆ, ಚಾನಲ್ ಬೇಗ ಸವೆಯುತ್ತದೆ. 530 ಬರೆದರೆ ಚಾನಲ್ ಹಿಂದೆ ಪ್ಯಾಕಿಂಗ್ ತುರುಕಬೇಕು. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ.

ಅಂದಾಜು ವೆಚ್ಚದ್ದೂ ಇದೇ ಕಥೆ. 8x4 ಅಡಿ ಪ್ಲೈವುಡ್ ಹಾಳೆಯ ಅಗಲ 1220 ಮಿ.ಮೀ. ವಾರ್ಡ್‌ರೋಬ್ ಬದಿಹಲಗೆಯ ಆಳ 600 ಇಟ್ಟರೆ, ಗರಗಸ ತಿನ್ನುವ 3 ಮಿ.ಮೀ. ಕಳೆದೂ ಹಾಳೆಯ ಅಗಲದಲ್ಲಿ ಎರಡು ಪಟ್ಟಿ ಸಿಗುತ್ತವೆ. 'ಸ್ವಲ್ಪ ಜಾಗ ಜಾಸ್ತಿಯಿರಲಿ' ಎಂದು 620 ಮಾಡಿದರೆ ಒಂದೇ ಪಟ್ಟಿ. ಉಳಿದ 597 ಮಿ.ಮೀ. ತುಂಡು ಅದೇ ಆಳಕ್ಕೆ ಸಾಲುವುದಿಲ್ಲ. ಇಪ್ಪತ್ತು ಮಿಲಿಮೀಟರಿನ ಉದಾರತೆಗೆ ಗ್ರಾಹಕರ ಜೇಬಿಗೆ ಕತ್ತರಿ. ಯಾವ ತುಂಡನ್ನು ಯಾವ ಅಳತೆಗೆ ಕತ್ತರಿಸಬೇಕೆಂಬ ಪಟ್ಟಿ, ಅಂದರೆ ಕಟಿಂಗ್ ಲಿಸ್ಟ್, ಬರೆಯದವರಿಗೆ ಇದು ಹೊಳೆಯುವುದೇ ಇಲ್ಲ.

ಸೈಟ್ ಅಳತೆಗೇ ಕನಿಷ್ಠ ಎರಡು ವಾರ ಕೊಡಬೇಕು. ನಮ್ಮ ಗೋಡೆಗಳು ನೂಲು ಹಿಡಿದಂತೆ ನೇರ ಇರುವುದು ಅಪರೂಪ. ವಾರ್ಡ್‌ರೋಬ್ ಕೂರುವ ಜಾಗದ ಅಗಲವನ್ನು ನೆಲದ ಬಳಿ, ಸೊಂಟದೆತ್ತರದಲ್ಲಿ, ಲಿಂಟಲ್ ಬಳಿ ಹೀಗೆ ಮೂರು ಕಡೆ ಅಳೆದು, ಅತಿ ಕಡಿಮೆ ಬಂದದ್ದನ್ನು ಹಿಡಿಯಬೇಕು. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡೂ ಸಮ ಬರದಿದ್ದರೆ ಕೋಣೆ ಗುನ್ಯಾ ತಪ್ಪಿದೆ, ಅಂದರೆ ಮೂಲೆಗಳು ಲಂಬಕೋನದಲ್ಲಿಲ್ಲ ಎಂದರ್ಥ. ಟೈಲ್ಸ್ ಹಾಕುವ ಮುಂಚೆ ಅಳೆದವರು ಅಡುಗೆಕಟ್ಟೆಯ 850 ಮಿ.ಮೀ. ಎತ್ತರವನ್ನು ಬರಿಯ ಕಾಂಕ್ರೀಟಿನಿಂದ ಎಣಿಸಿರುತ್ತಾರೆ. ಗಾರೆ, ಟೈಲ್ಸ್ ಸೇರಿ ನೆಲ ಮೇಲೆದ್ದಾಗ ಕಟ್ಟೆ ಮೊಣಕಾಲಿನತ್ತ ಇಳಿದಿರುತ್ತದೆ.

ಸಾಮಗ್ರಿಯನ್ನು ಕೈಯಲ್ಲಿ ಹಿಡಿದೇ ಕಲಿಯಬೇಕು. ಏಳಡಿ ಶಟರಿನ (ವಾರ್ಡ್‌ರೋಬ್ ಬಾಗಿಲಿನ) ಒಂದೇ ಬದಿಗೆ ಮೈಕಾ ಹಚ್ಚಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಬೆಂಡಾಗುತ್ತದೆ, ಏಕೆಂದರೆ ತೇವ ಬರಿಯ ಬದಿಯಿಂದಷ್ಟೇ ಒಳಹೊಕ್ಕು ಹೊರಬರುತ್ತದೆ. ಸಿಂಕ್ ಕೆಳಗೆ ಭಾರತೀಯ ಮಾನಕ ಐಎಸ್ 303ರ ಎಂಆರ್ (ತೇವವನ್ನಷ್ಟೇ ತಡೆಯುವ) ಪ್ಲೈ ಸಾಲದು, ನೀರು ತಡೆಯುವ ಐಎಸ್ 710ರ ಮೆರೈನ್ ಪ್ಲೈಯೇ ಬೇಕು. ಇದನ್ನು ಕಲಿಸಲು ಅನುಭವಿ ಬಡಗಿ, ಎಲೆಕ್ಟ್ರಿಷಿಯನ್ನರನ್ನು ಗೌರವಧನ ಕೊಟ್ಟು ತರಗತಿಗೆ ಕರೆತನ್ನಿ. ಅವರಿಗೆ ಪದವಿ ಇಲ್ಲ ಎಂಬ ನೆಪ ಬೇಡ.

ಇನ್ನೊಂದು ಮಾತು. 1972ರ ಕಾಯ್ದೆಯಂತೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳುವಂತಿಲ್ಲ. ಈ ಡಿಪ್ಲೊಮಾದಿಂದ ಆ ನೋಂದಣಿ ಸಿಗದು. ಗೋಡೆ ಒಡೆಯುವ ತೀರ್ಮಾನ ಸ್ಟ್ರಕ್ಚರಲ್ ಎಂಜಿನಿಯರ್‌ದು. ಮೊದಲ ದಿನವೇ ಇದನ್ನು ಹೇಳಿಬಿಡಬೇಕು.

ಶುಲ್ಕ ಕಟ್ಟುವ ಮುನ್ನ ಪೋಷಕರು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿ ಮರುಳಾಗದೆ, ಕಳೆದ ಸಾಲಿನ ವಿದ್ಯಾರ್ಥಿಗಳು ಕೈಯಾರೆ ಬರೆದ ಕಟಿಂಗ್ ಲಿಸ್ಟ್, ಸೈಟ್ ಅಳತೆಯ ಪುಸ್ತಕ ತೋರಿಸಿ ಎಂದು ಕೇಳಲಿ.

– ಒಳಾಂಗಣ ವಿನ್ಯಾಸ ಬೋಧಕರು, ಹುಬ್ಬಳ್ಳಿ