ಕರಾಬಾಖ್‌ನ ಸೊಪ್ಪಿನ ರೊಟ್ಟಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ತಾಘಾವರ್ದ್ ಊರು ಎಲ್ಲಿದೆ, ಅಲ್ಲಿನ ಸೊಪ್ಪಿನ ರೊಟ್ಟಿ ಹೇಗೆ ಮಾಡೋದು ಅಂತ ಕೇಳಿದ್ದೀಯ. ಊರಿನ ವಿಷಯ ಬೇಗ ಮುಗಿಯುತ್ತೆ, ರೊಟ್ಟಿಯದು ಮುಗಿಯೋದಿಲ್ಲ.

ಊರಿರೋದು ಅರ್ಮೇನಿಯಾ, ಅಜರ್‌ಬೈಜಾನ್ ಎರಡೂ ಕಾದಾಡಿದ ನಗೋರ್ನೊ ಕರಾಬಾಖ್ ಅನ್ನೋ ಪ್ರದೇಶದಲ್ಲಿ. ಅರ್ಮೇನಿಯನ್ನರ ಲೆಕ್ಕದಲ್ಲಿ ಅದು ಮಾರ್ತುನಿ ಜಿಲ್ಲೆ, ಅಜರ್‌ಬೈಜಾನಿನ ನಕಾಶೆಯಲ್ಲಿ ಖೋಜವೆಂದ್. 2020ರ ಯುದ್ಧ ನಿಂತು ನವೆಂಬರ್‌ನಲ್ಲಿ ಕದನವಿರಾಮವಾದಾಗ ಗಡಿ ಊರಿನ ನಡುವೆಯೇ ಬಿತ್ತು. ಒಂದು ಪಾಲು ಅಜರ್‌ಬೈಜಾನಿ ಸೇನೆಗೆ, ಇನ್ನೊಂದು ಅರ್ಮೇನಿಯನ್ನರಿಗೆ. 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನ್ ದಾಳಿ ಮಾಡಿದ ಮೇಲೆ ಅರ್ಮೇನಿಯನ್ನರ ಪಾಲೂ ಖಾಲಿಯಾಯಿತು. ಇಡೀ ಪ್ರದೇಶದಿಂದ 1,00,000ಕ್ಕೂ ಹೆಚ್ಚು ಜನ ಲಾಚಿನ್ ದಾರಿಯಲ್ಲಿ ಅರ್ಮೇನಿಯಾ ಸೇರಿದರು.

ರೊಟ್ಟಿಯ ಹೆಸರು ಝಿಂಗ್ಯಾಲೋವ್ ಹಾಟ್ಸ್. ಕಷ್ಟವಿರೋದು ಹಿಟ್ಟಿನಲ್ಲಲ್ಲ, ಸೊಪ್ಪಿನಲ್ಲಿ. ವಸಂತದಲ್ಲಿ ಹೆಂಗಸರು ಗುಡ್ಡದಿಂದ ಹತ್ತು ಹದಿನೈದು ಬಗೆ ಕಿತ್ತು ತರುತ್ತಿದ್ದರು, ಥೇಟ್ ನಮ್ಮ ಬೆರಕೆ ಸೊಪ್ಪಿನ ಲೆಕ್ಕ. ಬಗೆ ಎಷ್ಟು ಅನ್ನೋದಕ್ಕಿಂತ ಪಾಲು ಮುಖ್ಯ. ಅರ್ಧಕ್ಕಿಂತ ಹೆಚ್ಚು ಸಪ್ಪೆ ಸೊಪ್ಪು ಇರಲಿ: ಪಾಲಕ್, ಬೀಟ್‌ರೂಟ್ ಎಲೆ, ಚಕ್ಕೋತ, ಎಳೆ ತುರಚೆ. ಕಾಲು ಭಾಗ ಪರಿಮಳಕ್ಕೆ ಕೊತ್ತಂಬರಿ, ಸಬ್ಬಸಿಗೆ, ಈರುಳ್ಳಿ ಸೊಪ್ಪು. ಹುಳಿಸೊಪ್ಪು ಒಂದು ಹಿಡಿ ಸಾಕು, ಹೆಚ್ಚಾದರೆ ಬೇರೇನೂ ನಾಲಿಗೆಗೆ ಹತ್ತೋದಿಲ್ಲ. ಮೆಂತ್ಯ ಹಾಕಬೇಡ, ಕಹಿ ಮುಂದಾಗುತ್ತೆ.

ಅರ್ಧ ಕಿಲೋ ಮೈದಾಗೆ ಸುಮಾರು 300 ಮಿಲಿ ನೀರು, ಒಂದು ಚಮಚ ಉಪ್ಪು. ಯೀಸ್ಟ್ ಬೇಡ. ನಾದಿ ಅರ್ಧ ಗಂಟೆ ಮುಚ್ಚಿಡು, ಇಲ್ಲದಿದ್ದರೆ ಲಟ್ಟಿಸುವಾಗ ಹಿಂದಕ್ಕೆ ಎಳೆದುಕೊಳ್ಳುತ್ತೆ. ಒಂಬತ್ತು ಉಂಡೆ ಆಗುತ್ತೆ, ಅದಕ್ಕೆ 900 ಗ್ರಾಂ ಸೊಪ್ಪು. ನೋಡಿದರೆ ವಿಪರೀತ ಅನಿಸುತ್ತೆ, ಆದರೆ ಬೆಂದಾಗ ಇಳಿದುಹೋಗುತ್ತೆ. ಜಿಪುಣತನ ಮಾಡಿದರೆ ಬರೀ ಹಿಟ್ಟು ತಿನ್ನಬೇಕು.

ತೊಳೆದ ಸೊಪ್ಪನ್ನು ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಸಣ್ಣಗೆ ಹೆಚ್ಚು. ರೊಟ್ಟಿ ಹರಿಯೋದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ನೀರು. ಉಪ್ಪು ಬಿದ್ದ ಕೂಡಲೇ ಸೊಪ್ಪು ನೀರು ಬಿಡುತ್ತೆ. ಅದಕ್ಕೇ ಮೊದಲು ಎಣ್ಣೆ ಸವರು, ಉಪ್ಪನ್ನು ಒಂದೊಂದು ರೊಟ್ಟಿ ತುಂಬುವಾಗಲೇ ಉದುರಿಸು. ಇಡೀ ಬೋಗುಣಿಗೆ ಒಟ್ಟಿಗೆ ಹಾಕಿದರೆ ಕೊನೆಯ ಮೂರು ರೊಟ್ಟಿ ಕೆಟ್ಟವೇ.

ಉಂಡೆಯನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ನಡುವೆ ಸೊಪ್ಪು ಗುಡ್ಡೆ ಹಾಕು. ಹೋಳಿಗೆಯ ಕಣಕದಂತೆ ಎಲ್ಲ ಕಡೆಯಿಂದ ಜುಟ್ಟು ಕಟ್ಟಿದರೆ ಮಧ್ಯೆ ಹಿಟ್ಟು ಗಂಟಾಗಿ ಹಸಿ ಉಳಿಯುತ್ತೆ. ಎರಡು ಅಂಚನ್ನಷ್ಟೇ ಮೇಲಕ್ಕೆ ತಂದು ಉದ್ದಕ್ಕೆ ಚಿವುಟುತ್ತಾ ಹೋಗು, ದೋಣಿಯಾಕಾರ ಬರುತ್ತೆ. ಹೊಲಿಗೆ ಕೆಳಗೆ ಮಾಡಿ ಅಂಗೈಯಿಂದ ಒತ್ತು.

ಅಲ್ಲಿ ಸೌದೆ ಉರಿಯ ಮೇಲೆ ಕಬ್ಬಿಣದ ಉಬ್ಬು ಹಂಚು, ಅದಕ್ಕೆ ಸಾಜ್ ಅಂತಾರೆ. ನಿನ್ನ ದೋಸೆ ಹೆಂಚು ಸಾಕು, ಎಣ್ಣೆ ಹಾಕಬೇಡ. ಹೊಲಿಗೆ ಇರುವ ಕಡೆ ಮೊದಲು ಬೇಯಲಿ, ಬಿಸಿಗೆ ಅದು ಅಂಟಿಕೊಳ್ಳುತ್ತೆ. ಒಂದೊಂದು ಬದಿಗೆ ಎರಡು ಮೂರು ನಿಮಿಷ. ಕಂದು ಚುಕ್ಕೆ ಬಂದರೆ ಸಾಕು, ಒಳಗೆ ಹಸಿರು ಹಸಿರಾಗಿಯೇ ಇರಬೇಕು.

ಈಗ ಈ ರೊಟ್ಟಿ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲೂ ಸಿಗುತ್ತೆ. ಗುಡ್ಡದ ಸೊಪ್ಪಿನ ಬದಲು ಸಂತೆಯ ಪಾಲಕ್ಕೇ ಹೆಚ್ಚು ಬಿದ್ದರೆ ನೀರು ನೀರಾಗುತ್ತೆ. ನೀನೂ ಪಾಲಕ್ ಕಡಿಮೆ ಮಾಡಿ ಚಕ್ಕೋತ ಹೆಚ್ಚಿಸು.

ನಿನ್ನ ಗೆಳೆಯ