ಕಮಾಂಡೊಗಳ ಜೊತೆ ಹೋದವರ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಗಡಿಯಲ್ಲಿ ಏನಾದರೂ ಆದರೆ ಸಾಕು, ಟಿವಿ ತುಂಬ ಕಮಾಂಡೊಗಳದ್ದೇ ಸುದ್ದಿ. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರ ಜೊತೆ ಹೋಗುವ ಮಾಮೂಲಿ ಬೆಟಾಲಿಯನ್ ಜವಾನರನ್ನು ಕೇಳುವವರೇ ಇಲ್ಲ. ಇಬ್ಬರಿಗೂ ಒಟ್ಟಿಗೆ ಅಭ್ಯಾಸ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಶ್ರೀಲಂಕಾದ ಜಾಫ್ನಾ ಸಾಕ್ಷಿ.

1987ರ ಅಕ್ಟೋಬರ್ 11ರ ರಾತ್ರಿ ಅದು. ಶಾಂತಿ ಪಾಲನೆಗೆಂದು ಹೋದ ನಮ್ಮ ಸೇನೆ ಆಗ ಅಲ್ಲಿತ್ತು. ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇಯ ನಾಯಕರನ್ನು ಹಿಡಿಯಲು '10 ಪ್ಯಾರಾ ಕಮಾಂಡೊ' ಎಂಬ ಪಡೆಯ ತಂಡವನ್ನು ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಇಳಿಸುವುದು, ಬೆನ್ನಿಗೇ '13 ಸಿಖ್ ಲೈಟ್ ಇನ್‌ಫೆಂಟ್ರಿ' ಎಂಬ ಮಾಮೂಲಿ ಬೆಟಾಲಿಯನ್‌ನ ಜವಾನರನ್ನೂ ಇಳಿಸುವುದು ಎಂದು ಯೋಜನೆ. ಸಿಖ್ ಜವಾನರು ಗ್ವಾಲಿಯರ್‌ನಿಂದ ಆಗಷ್ಟೇ ಬಂದಿದ್ದರು. ಊರು ಹೊಸದು, ಕತ್ತಲು ಬೇರೆ. ನಮ್ಮ ರೇಡಿಯೊ ಮಾತನ್ನು ಎದುರಾಳಿಗಳು ಕದ್ದು ಕೇಳಿಕೊಂಡು ಕಾದು ಕುಳಿತಿದ್ದರು. ಗುಂಡೇಟು ತಿಂದ ಹೆಲಿಕಾಪ್ಟರ್‌ಗಳು ಮತ್ತೆ ಇಳಿಯಲಾಗಲಿಲ್ಲ. ಮೊದಲು ಇಳಿದ ಸುಮಾರು 30 ಸಿಖ್ ಜವಾನರು ಅಲ್ಲೇ ಒಂಟಿಯಾದರು. ಒಬ್ಬನನ್ನು ಬಿಟ್ಟು ಎಲ್ಲರೂ ಸತ್ತರು. ಆ ಒಬ್ಬ ಸೆರೆ ಸಿಕ್ಕ. ಕಮಾಂಡೊಗಳು ಬೇರೆ ಕಡೆ ಮನೆಗಳಲ್ಲಿ ಸಿಕ್ಕಿಬಿದ್ದು ಹೋರಾಡುತ್ತಿದ್ದರು. ಅವರನ್ನು ಹೊರತರಲು ರೈಲು ಹಳಿ ಹಿಡಿದು ಹೋದದ್ದು ಮಾಮೂಲಿ ಸೇನೆಯ ಟಿ-72 ಟ್ಯಾಂಕುಗಳು! ಈ ಭಾಗ ಟಿವಿಯಲ್ಲಿ ಬರುವುದೇ ಇಲ್ಲ, ಅಲ್ವಾ?

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರು ನಡೆಸಿದ ದಾಳಿಯಲ್ಲಿ ಗೊಂದಲ ಬೇರೆ ಥರದ್ದು. ಪಕ್ಕದಲ್ಲೇ ಸೇನೆಯ ದೊಡ್ಡ ನೆಲೆ ಇತ್ತು. ಆದರೂ ಎನ್‌ಎಸ್‌ಜಿ ಕಮಾಂಡೊಗಳನ್ನು ವಿಮಾನದಲ್ಲಿ ಕರೆಸಿ ಮುಂದೆ ಬಿಟ್ಟರು. ವಾಯುಪಡೆಯ ಗರುಡ್ ಕಮಾಂಡೊಗಳೂ ಇದ್ದರು, ಸೇನೆಯವರೂ ಇದ್ದರು. ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಸತ್ತ ಏಳು ಮಂದಿಯಲ್ಲಿ ಬೆಂಗಳೂರಿನ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ನಮಗೆಲ್ಲ ಗೊತ್ತು. ಉಳಿದವರಲ್ಲಿ ಐವರು ರಕ್ಷಣಾ ಭದ್ರತಾ ದಳದವರು. ಈ ದಳದಲ್ಲಿ ಹೆಚ್ಚಿನವರು ನಿವೃತ್ತಿಯಾಗಿ ಮತ್ತೆ ಕೆಲಸಕ್ಕೆ ಸೇರಿದ ಯೋಧರು. ಅವರಲ್ಲೊಬ್ಬ ಜಗದೀಶ್ ಚಂದ್, ಬರಿಗೈಯಲ್ಲಿ ಉಗ್ರನ ಮೇಲೆ ಬಿದ್ದು, ಅವನ ಬಂದೂಕಿನಿಂದಲೇ ಅವನನ್ನು ಕೊಂದವರು.

ಎರಡು ಪಡೆಗಳನ್ನು ಬೆಸೆಯುವ ಕೊಂಡಿ ನಮ್ಮ ಬೆಳಗಾವಿಯಲ್ಲೇ ಇದೆ. ಪ್ರತಿ ಪದಾತಿ ಬೆಟಾಲಿಯನ್‌ಗೂ 'ಘಾತಕ್' ಎಂಬ ಸಣ್ಣ ತುಕಡಿ ಇರುತ್ತದೆ. ಆ ತುಕಡಿಗಳ ಜವಾನರು ಕಮಾಂಡೊ ತರಬೇತಿ ಪಡೆಯುವುದು ಇಲ್ಲಿ. 2016ರ ಸೆಪ್ಟೆಂಬರ್‌ನ ಸರ್ಜಿಕಲ್ ಸ್ಟ್ರೈಕ್‌ನಲ್ಲಿ ಪ್ಯಾರಾ ಪಡೆಗಳ ಜೊತೆ ಘಾತಕ್ ಜವಾನರೂ ಇದ್ದರು ಎಂದು ವರದಿಯಾಗಿತ್ತು. ನೆಲ ಗೊತ್ತಿದ್ದವರು, ಗಡಿಯಲ್ಲಿ ದಿನಾ ಕಾವಲು ಕಾದವರು ಜೊತೆಗಿದ್ದರೆ ಕೆಲಸದ ರೀತಿಯೇ ಬೇರೆ. ಜಾಫ್ನಾದಲ್ಲಿ ಇಲ್ಲದಿದ್ದದ್ದು ಅದೇ.

2019ರಲ್ಲಿ ಮೂರೂ ಸೇನೆಗಳ ಕಮಾಂಡೊಗಳನ್ನು ಸೇರಿಸಿ ವಿಶೇಷ ಕಾರ್ಯಾಚರಣೆ ವಿಭಾಗ ಶುರುವಾಯಿತು. ಒಳ್ಳೆಯದೇ. ಆದರೆ ಕಮಾಂಡೊ ಕಮಾಂಡೊ ಸೇರಿದರೆ ಅರ್ಧ ಕೆಲಸ ಮಾತ್ರ. ಅದರ ಅಭ್ಯಾಸಗಳಿಗೆ ಮಾಮೂಲಿ ಬೆಟಾಲಿಯನ್‌ಗಳನ್ನೂ ಕರೆಯುತ್ತಾರಾ? ಕಾರ್ಯಾಚರಣೆ ನಡುವೆ ಆದೇಶ ಯಾರದು ಎಂದು ಮೊದಲೇ ಬರೆದಿಟ್ಟಿದ್ದಾರಾ? ರಹಸ್ಯ ವಿವರ ಯಾರಿಗೂ ಬೇಡ. ಹೌದು ಅಥವಾ ಇಲ್ಲ ಅಂದರೆ ಸಾಕು. ಬೆಳಗಾವಿಯ ಸಂಸದರು ಮುಂದಿನ ಅಧಿವೇಶನದಲ್ಲಿ ಇಷ್ಟನ್ನು ಕೇಳಲಿ. ಉತ್ತರ ಬಂದರೆ ತಮ್ಮ ಪತ್ರಿಕೆ ಅದನ್ನು ಮುಖಪುಟದಲ್ಲಿ ಹಾಕಲಿ.

ಒಬ್ಬ ಓದುಗ, ಬೆಳಗಾವಿ