ರಜೆ ಬಂತು, ಕೈ ಸುಮ್ಮನಿಲ್ಲ

ಲೀಡ್ಸ್, ಇಂಗ್ಲೆಂಡ್, ಜುಲೈ 28

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ತೀರ್ಥಹಳ್ಳಿ ಕಡೆ ಪುಷ್ಯ ಮಳೆ ಜೋರಂತೆ, ತಮ್ಮ ಹೇಳಿದ. ಇಲ್ಲಿ ಶಾಲೆಗೆ ಬೇಸಿಗೆ ರಜೆ ಶುರುವಾಗಿದೆ, ಇನ್ನು ಬಾಗಿಲು ತೆಗೆಯೋದು ಸೆಪ್ಟೆಂಬರ್‌ಗೆ. ಕೊಡೆ ಹಿಡಿದು ಶಾಲೆಗೆ ಹೋಗಬೇಕಾದ ಕಾಲದಲ್ಲಿ ರಜೆ ಅನ್ನೋದು ನನಗೆ ಇನ್ನೂ ಒಗ್ಗಿಲ್ಲ.

ಅಮ್ಮ, ಈಗಾದರೂ ಸ್ವಲ್ಪ ಮಲಗು ಅಂದೆಯಲ್ಲ, ಮಲಗಿದ್ದೂ ಆಯ್ತು. ಆಮೇಲೆ ಅಡುಗೆಮನೆ ಡಬ್ಬಿಗಳನ್ನೆಲ್ಲ ತೊಳೆದೆ. ಮುಂದಿನ ವರ್ಷದ ಬೀಜಗಣಿತ ಪಾಠಗಳನ್ನು ಬರೆದಿಟ್ಟೆ. ಶಾಲೆ ನಡೆಯುವಾಗ ವಾರ ಹಿಡಿಯುವ ಕೆಲಸ ಈಗ ಒಂದೇ ಬೆಳಿಗ್ಗೆ ಮುಗಿಯುತ್ತದೆ. ನಡುವೆ ಬೆಲ್ ಹೊಡೆಯೋದಿಲ್ಲ, ಅಲ್ವಾ? ಖುಷಿಯೇ. ಆದರೆ ಮಧ್ಯಾಹ್ನದ ಹೊತ್ತಿಗೆ ಏನೋ ಬಿಟ್ಟುಹೋಗಿದೆ ಅನ್ನಿಸಿ ಮನೆಯೊಳಗೇ ಸುತ್ತುತ್ತೇನೆ. ಇವರು ನಗುತ್ತಾರೆ. ಸೂರ್ಯನೋ, ರಾತ್ರಿ ಒಂಬತ್ತರವರೆಗೂ ಮುಳುಗೋದಿಲ್ಲ. ಕತ್ತಲಾಯ್ತು, ದೀಪ ಹಚ್ಚು ಅನ್ನುವ ಹೊತ್ತೇ ಬರದಿದ್ದರೆ ಕೆಲಸ ನಿಲ್ಲಿಸೋದು ಯಾವಾಗ?

ಅಪ್ಪಯ್ಯ, ಇದನ್ನು ಕೇಳಿದರೆ ನಿಮಗೆ ನಗು ಬರಬಹುದು. ಇಲ್ಲಿನ ಮೇಷ್ಟ್ರುಗಳ ಕರಾರಿನಲ್ಲಿ ವರ್ಷಕ್ಕೆ 195 ದಿನ ಕೆಲಸ, ಅದರಲ್ಲಿ ಮಕ್ಕಳಿಗೆ ಪಾಠ 190 ದಿನ. ಅಂದರೆ ನಾನೀಗ ಮಾಡುತ್ತಿರುವುದೆಲ್ಲ ಪುಕ್ಕಟೆ, ಯಾರೂ ಮಾಡು ಅಂದಿಲ್ಲ. ನಿಮಗಾದರೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಜನಗಣತಿ, ಚುನಾವಣೆ ಅಂತ ಆರ್ಡರ್ ಬರುತ್ತಿತ್ತು. ಅದಿಲ್ಲದ ವರ್ಷ ತೋಟದ ಬೇಲಿ ಕಟ್ಟುತ್ತಿದ್ದಿರಿ. ಜೋಗಕ್ಕೆ ಕರೆದುಕೊಂಡು ಹೋಗಿ ಅಂತ ನಾವು ಗಲಾಟೆ ಮಾಡಿದರೆ, ಈ ಬೇಸಿಗೆಯಲ್ಲಿ ಅಲ್ಲಿ ಬಂಡೆ ಬಿಟ್ಟು ಏನಿದೆ ಅನ್ನುತ್ತಿದ್ದಿರಿ. ಅದೂ ಸುಳ್ಳಲ್ಲ ಬಿಡಿ.

ನಿಜ ಹೇಳಬೇಕೆಂದರೆ ನನ್ನ ಮನಸ್ಸೆಲ್ಲ ಆಗಸ್ಟ್ ಮೇಲಿದೆ. ಮೊದಲು ನಮ್ಮ ಪಿಯುಸಿಯಂಥ ಎ ಲೆವೆಲ್ ರಿಸಲ್ಟ್, ಅದರ ಮುಂದಿನ ಗುರುವಾರ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ. ಅದರ ಗಣಿತದಲ್ಲಿ ಗ್ರೇಡ್ 4, ಅಂದರೆ ಪಾಸು, ಬರದಿದ್ದರೆ ಕಾಲೇಜಿಗೆ ಹೋದ ಮೇಲೂ ಗಣಿತ ಓದುತ್ತಲೇ ಇರಬೇಕು. ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗನಿದ್ದಾನೆ, 3ಕ್ಕೂ 4ಕ್ಕೂ ನಡುವೆ ಓಲಾಡುವವನು. ಅವನು ನೆನಪಾದಾಗಲೆಲ್ಲ ಎದ್ದು ಏನಾದರೂ ಒರೆಸುತ್ತೇನೆ.

ಮಳೆ ಹೊಳವಾದಾಗ ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಸಿದಿರಾ? ಮರ ಹತ್ತುವ ಕೊನೆಗೌಡ ಸಿಗದಿದ್ದರೆ ತಮ್ಮನಿಗೆ ಹೇಳಿ. ನೀವು ಮಾತ್ರ ಮೈಲುತುತ್ತದ ಡ್ರಮ್ ಎತ್ತಲು ಹೋಗಬೇಡಿ. ಭಾನುವಾರ ಫೋನ್ ಮಾಡುತ್ತೇನೆ, ಅಲ್ಲಿ ಕರೆಂಟ್ ಇದ್ದರೆ.

ನಿಮ್ಮ ಮಗಳು